ಹಲೀಮಾಳ ಹತ್ತು ಜಡೆ

ಸುಬಾಂಗ್ ಜಯಾ, ಶನಿವಾರ

ಕಳೆದ ಆಗಸ್ಟ್‌ನ ಎರಡನೇ ಶನಿವಾರ ಮಧ್ಯಾಹ್ನ, ಮಲೇಶಿಯದ ಸುಬಾಂಗ್ ಜಯಾದ ಒಂದು ಸಲೂನಿನಲ್ಲಿ ಹಲೀಮಾ ಎಂಬ ಇಪ್ಪತ್ಮೂರು ವರ್ಷದ ವಿದ್ಯಾರ್ಥಿನಿಗೆ ಕೂದಲನ್ನು ಭುಜದ ಮಟ್ಟಕ್ಕೆ ಕತ್ತರಿಸದೆ ಬೇರೆ ದಾರಿಯಿಲ್ಲ ಎಂದು ಹೇಳಿದರು. ಆಕೆ ಸ್ಕಾರ್ಫ್ ಕಟ್ಟಿಕೊಂಡು ಎದ್ದು ಬಂದಳು. ಮುಕ್ಕಾಲು ಗಂಟೆಯ ನಂತರ, ನಾಲ್ಕಕ್ಕೆ ಸರಿಯಾಗಿ, ನನ್ನ ತಂಗಿಯ ಮನೆಯ ಬೆಲ್ ಒತ್ತಿದಳು.

ತಂಗಿ ವಸುಧಾ ಇಲ್ಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾ ಶಾಸ್ತ್ರ ಕಲಿಸುತ್ತಾಳೆ. ಗಂಡ ಸುಧೀರ ದಿನಾ ಕಾರಿನಲ್ಲಿ ಸೈಬರ್‌ಜಯಾದ ಕಚೇರಿಗೆ ಹೋಗಿ ಬರುತ್ತಾನೆ. ಹದಿನಾಲ್ಕರ ಮಗಳು ಅನ್ವಿತಾ ದೊಡ್ಡಮ್ಮನಾದ ನನ್ನ ಕನ್ನಡವನ್ನೆಲ್ಲ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಉಡುಪಿಯಿಂದ ಮೂರು ವಾರದ ಮಟ್ಟಿಗೆ ಬಂದಿದ್ದ ನನಗೆ ಅದು ನಾಲ್ಕನೇ ದಿನ. ಅದೇ ಕಟ್ಟಡದ ಹನ್ನೊಂದನೇ ಮಹಡಿಯಲ್ಲಿ ಬಾಡಿಗೆಗಿದ್ದ ಹಲೀಮಾ ಆಫ್ರಿಕದ ಚಾಡ್ ದೇಶದವಳು. ಶನಿವಾರ ನಾಲ್ಕಕ್ಕೆ ಅನ್ವಿತಾಳಿಗೆ ಫ್ರೆಂಚ್ ಪಾಠ ಹೇಳಿಕೊಡಲು ಬರುತ್ತಾಳೆ.

ಅವಳಿಗಿಂತ ಮೊದಲು ಒಳಗೆ ಬಂದದ್ದು ಲವಂಗದ ವಾಸನೆ. ಅದರ ಹಿಂದೆ ಇನ್ನೊಂದು, ಮಳೆಗಾಲದಲ್ಲಿ ಒಣಗದೆ ಉಳಿದ ಬಟ್ಟೆಯದು.

"ಕಾಕ್, ವಾಟ್ ಹ್ಯಾಪನ್ಡ್?" ಎಂದಳು ಅನ್ವಿತಾ. ಕಾಕ್ ಎಂದರೆ ಮಲಯ್ ಭಾಷೆಯಲ್ಲಿ ಅಕ್ಕ.

ಹಲೀಮಾ ಸುಧೀರನತ್ತ ನೋಡಿದಳು. ವಸುಧಾಳಿಗೆ ಅರ್ಥವಾಯಿತು. "ರೀ, ಮಾಮಕ್ ಅಂಗಡಿಗೆ ಹೋಗಿ ಎಂತಾದರೂ ತಪಾವ್ ಮಾಡಿಸಿಕೊಂಡು ಬನ್ನಿ" ಎಂದಳು. ತಮಿಳು ಮುಸ್ಲಿಮರ ಚಹಾ-ರೊಟ್ಟಿ ಅಂಗಡಿಗೆ ಇಲ್ಲಿ ಮಾಮಕ್ ಎನ್ನುತ್ತಾರೆ. ಕಟ್ಟಿಸಿಕೊಂಡು ಬರುವುದು ತಪಾವ್. ಸುಧೀರ ಗಡಿಯಾರ ನೋಡಿದ. "ನಾಲ್ಕು ಗಂಟೆಗೆ ಎಂತ ತಪಾವ್ ಮಾರಾಯ್ತಿ?" ಎಂದ. ಆದರೂ ಹೋದ.

ಬಾಗಿಲು ಹಾಕಿದ ಮೇಲೆ ಹಲೀಮಾ ಸ್ಕಾರ್ಫ್ ಬಿಚ್ಚಿದಳು. ಹತ್ತು ಜಡೆಗಳಿದ್ದವು. ಒಂದೊಂದೂ ಸೊಂಟದ ಹತ್ತಿರ ಬರುತ್ತಿತ್ತು, ಕಂದು ಪುಡಿ ಮೆತ್ತಿಕೊಂಡು ಹಗ್ಗದಂತೆ ಗಡುಸಾಗಿತ್ತು. ಕೆಳಗಿನ ಅರ್ಧದಲ್ಲಿ ಯಾವ ಎಳೆ ಯಾವುದರದ್ದೆಂದು ಹೇಳುವಂತಿರಲಿಲ್ಲ. ನಾನು ಮುಟ್ಟಿ ನೋಡಿದೆ. ಒಳಗೆ ಇನ್ನೂ ತೇವವಿತ್ತು.

ಆ ಪುಡಿಯ ಹೆಸರು ಚೆಬೆ. ಅವಳ ಊರಿನ ಕಡೆ ಸಿಗುವ ಒಂದು ಗಿಡದ ಬೀಜವನ್ನು ಹುರಿದು, ಕುಟ್ಟಿ, ಜರಡಿ ಹಿಡಿದು, ಲವಂಗವನ್ನೂ ಒಂದು ಕಾಡುಹಣ್ಣಿನ ಬೀಜದ ತಿರುಳನ್ನೂ ಮರದ ಅಂಟನ್ನೂ ಸೇರಿಸುತ್ತಾರೆ. ಎಣ್ಣೆಯಲ್ಲಿ ಕಲಸಿ ಕೂದಲಿಗೆ ಹಚ್ಚಿ ಜಡೆ ಹೆಣೆಯುತ್ತಾರೆ. ಕೆಲವು ದಿನ ಬಿಟ್ಟು ಜಡೆ ಬಿಚ್ಚಿ, ಮತ್ತೆ ಹಚ್ಚಿ, ಮತ್ತೆ ಹೆಣೆಯುತ್ತಾರೆ. ಇದರಿಂದ ಕೂದಲು ಬೆಳೆಯುತ್ತದೆಯೇ ಎಂದು ಕೇಳಿದೆ. ಊರಿಗೆ ಮರಳಿದ ಮೇಲೆ ಮೊಬೈಲಿನಲ್ಲಿ ನೋಡಿದರೆ ಮಾರುವವರೆಲ್ಲ ಹೌದು ಎನ್ನುತ್ತಾರೆ. ಹಲೀಮಾ, ನಮ್ಮೊಡನೆ ಆಡುವ ಇಂಗ್ಲಿಷಿನಲ್ಲಿ, ಇಲ್ಲ ಎಂದಳು.

"ಕೂದಲು ತಾನಾಗಿಯೇ ಬೆಳೆಯುತ್ತದೆ ಆಂಟೀ. ಇದು ತುಂಡಾಗದ ಹಾಗೆ ಕಾಯುತ್ತದೆ, ಅಷ್ಟೇ."

ಈ ಕೆಲಸವನ್ನು ಒಬ್ಬರೇ ಮಾಡಿಕೊಳ್ಳಲು ಆಗುವುದಿಲ್ಲ. ಊರಿನಲ್ಲಿ ಅಜ್ಜಿ ಮಾಡುತ್ತಿದ್ದರು. ಇಲ್ಲಿ ಅದೇ ದೇಶದ ಜೈನಬ ಎಂಬ ರೂಮ್‌ಮೇಟ್ ಇದ್ದಳು. ಓದು ಮುಗಿದು ಅವಳು ಜೂನ್‌ನಲ್ಲಿ ಊರಿಗೆ ಹೋದಳು. ಆಮೇಲೆ ಹಲೀಮಾಳ ಕೊನೆಯ ಪರೀಕ್ಷೆಗಳು ಬಂದವು. ಬಿಚ್ಚುವವರಿಲ್ಲದೆ, ಹಳೆಯ ಜಡೆಯ ಮೇಲೆಯೇ ಪುಡಿ ಹಚ್ಚುತ್ತ ಹೋದಳು. ಚೆಬೆ ಒಣಹವೆಯ ಊರಿನ ವಿದ್ಯೆ. ಅಲ್ಲಿ ಹಚ್ಚಿದ್ದು ಬೇಗ ಒಣಗುತ್ತದಂತೆ. ಸುಬಾಂಗ್ ಜಯಾದಲ್ಲಿ ಒಗೆದ ಟವೆಲೇ ಎರಡು ದಿನ ಒಣಗುವುದಿಲ್ಲ.

"ಯಾವಾಗ ಊರಿಗೆ ಹೊರಡುವುದು?" ವಸುಧಾ ಕೇಳಿದಳು.

"ಮುಂದಿನ ಭಾನುವಾರ."

ಹಲೀಮಾ ಚೀಲದಿಂದ ಒಂದು ಕೆಂಪು ದಾರ ತೆಗೆದು ಮೇಜಿನ ಮೇಲಿಟ್ಟಳು. ನಾಲ್ಕು ವರ್ಷದ ಹಿಂದೆ ಹೊರಡುವಾಗ ಅವಳ ಕೂದಲು ಬೆನ್ನಿನ ನಡುವಿಗೆ ಇತ್ತಂತೆ. ಅಜ್ಜಿ ನೆತ್ತಿಯಿಂದ ಸೊಂಟದವರೆಗೆ ಈ ದಾರ ಹಿಡಿದು ಅಳೆದು ಕೊಟ್ಟಿದ್ದರು. ತುಂಡಾಗದ ಹಾಗೆ ನೋಡಿಕೊಂಡರೆ ನೀನು ಬರುವ ಹೊತ್ತಿಗೆ ಇಲ್ಲಿಗೆ ಮುಟ್ಟುತ್ತದೆ ಎಂದಿದ್ದರು.

"ಇದು ನಿಮ್ಮ ಕಡೆಯ ಪದ್ಧತಿಯಾ?" ನಾನು ಕೇಳಿದೆ. ಮಂಗಳೂರಿನ ಸುದ್ದಿಮನೆಯಲ್ಲಿ ಮೂವತ್ತು ವರ್ಷ ಕೂತವಳಿಗೆ ಇಂಥವನ್ನು ಕೇಳಿ ಖಚಿತ ಮಾಡಿಕೊಳ್ಳದೆ ಇರಲು ಆಗುವುದಿಲ್ಲ.

"ಪದ್ಧತಿ ಅಲ್ಲ. ನಮ್ಮ ಅಜ್ಜಿಯ ಕೆಲಸ. ನಾನು ಇಲ್ಲಿ ಹೇಗಿದ್ದೆ ಅಂತ ಫೋನಿನಲ್ಲಿ ಹೇಳಿದರೆ ನಂಬುವುದಿಲ್ಲ ಅವರು. ಜಡೆ ನೋಡಿ ಹೇಳುತ್ತೇನೆ ಅನ್ನುತ್ತಾರೆ. ಭುಜದವರೆಗೆ ಕತ್ತರಿಸಿಕೊಂಡು ಹೋದರೆ, ನಾಲ್ಕು ವರ್ಷ ನನ್ನನ್ನು ಯಾರೂ ನೋಡಿಕೊಳ್ಳಲಿಲ್ಲ ಅಂದುಕೊಳ್ಳುತ್ತಾರೆ."

ವಸುಧಾ ಕನ್ನಡಕ ಹಾಕಿಕೊಂಡು ಒಂದು ಜಡೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಇಪ್ಪತ್ತು ವರ್ಷದಿಂದ ನರ ಬಿಡಿಸಿ ತೋರಿಸಿದ್ದೇನೆ ಅಕ್ಕ. ಕೂದಲು ಬಿಡಿಸಲಿಕ್ಕೆ ಆಗುವುದಿಲ್ಲವಾ? ನಾಳೆಯಿಂದ ಶುರು ಮಾಡುವ" ಎಂದಳು.

ಅನ್ವಿತಾಳ ಫ್ರೆಂಚ್ ಪಾಠ ಆ ದಿನ ನಡೆಯಲಿಲ್ಲ. ಸುಧೀರ ಹತ್ತು ರೊಟ್ಟಿ ಕಟ್ಟಿಸಿಕೊಂಡು ಬಂದ.

ಭಾನುವಾರ, ದಾಸವಾಳದ ಬೇಲಿ

ಬೆಳಿಗ್ಗೆ ಒಂಬತ್ತಕ್ಕೆ ಕೂತೆವು. ಇಲ್ಲಿನ ಫ್ಲಾಟುಗಳಲ್ಲಿ ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಒಂದು ಸಣ್ಣ ಜಾಗ ಇರುತ್ತದೆ, ಯಾರ್ಡ್ ಎನ್ನುತ್ತಾರೆ. ನಮ್ಮ ಕಡೆಯ ಬಚ್ಚಲು ಕೊಟ್ಟಿಗೆಯಷ್ಟು ಅಗಲವಿಲ್ಲ. ಆದರೆ ಗಂಡಸರ ಕಣ್ಣಿಗೆ ಬೀಳದ ಜಾಗ ಮನೆಯಲ್ಲಿ ಅದೊಂದೇ. ಹಲೀಮಾ ಮಣೆಯ ಮೇಲೆ ಕೂತಳು. ನಾನು ಮತ್ತು ವಸುಧಾ ಹಿಂದೆ. ಅನ್ವಿತಾ ವಾಷಿಂಗ್ ಮಷಿನ್ ಮೇಲೆ.

ನೀರು ಹಾಕಿದರೆ ಪುಡಿ ಇನ್ನಷ್ಟು ಗಟ್ಟಿಯಾಯಿತು. ಶಾಂಪೂ ಮೇಲೆ ಮೇಲೆ ಜಾರಿ ಹೋಯಿತು. ತೆಂಗಿನೆಣ್ಣೆ ಹಚ್ಚಿ ಬಾಚಣಿಗೆಯ ಬಾಲದಿಂದ ಎಳೆ ಎಳೆಯಾಗಿ ಬಿಡಿಸಿದಾಗ, ಹನ್ನೆರಡು ಗಂಟೆಯ ಹೊತ್ತಿಗೆ ಒಂದು ಜಡೆಯ ಕಾಲು ಭಾಗ ಬಿಚ್ಚಿತ್ತು.

"ಹೀಗಾದರೆ ಮುಂದಿನ ವರ್ಷದ ಆಗಸ್ಟಿಗೆ ಮುಗಿಯುತ್ತದೆ" ಎಂದೆ.

"ದೊಡ್ಡಮ್ಮ, ನಾಟ್ ಹೆಲ್ಪಿಂಗ್" ಎಂದಳು ಅನ್ವಿತಾ.

ನೆನಪಾದದ್ದು ವಸುಧಾಳಿಗೆ. "ಅಕ್ಕ, ಅಮ್ಮ ನಮ್ಮ ತಲೆಗೆ ದಾಸವಾಳದ ಎಲೆ ಕಿವುಚಿ ಹಾಕುತ್ತಿದ್ದದ್ದು ನೆನಪುಂಟಾ?"

ಮಲೇಶಿಯದ ರಾಷ್ಟ್ರೀಯ ಹೂವು ದಾಸವಾಳ. ಆಗಸ್ಟ್ ಕೊನೆಯ ಸ್ವಾತಂತ್ರ್ಯದ ದಿನಕ್ಕಾಗಿ ಕಾರುಗಳ ಮೇಲೆಲ್ಲ ಬಾವುಟ ಸಿಕ್ಕಿಸಿದ್ದರು. ಕಟ್ಟಡದ ಬೇಲಿಯುದ್ದಕ್ಕೂ ದಾಸವಾಳ ಅರಳಿತ್ತು. ನಾನು ಪ್ಲಾಸ್ಟಿಕ್ ಬುಟ್ಟಿ ಹಿಡಿದು ಇಳಿದೆ. ಮೂರನೇ ಗಿಡಕ್ಕೆ ಬರುವಷ್ಟರಲ್ಲಿ ಕಾವಲಿನ ನೇಪಾಳಿ ಗಾರ್ಡ್ ಓಡಿ ಬಂದ.

"ಆಂಟೀ, ಹೂ ಕೀಳಬಾರದು. ಬೋರ್ಡ್ ಇದೆ."

ಬೋರ್ಡ್ ಇತ್ತು. ನಾನು ಬುಟ್ಟಿ ತೋರಿಸಿದೆ. ಅದರಲ್ಲಿ ಹೂ ಇರಲಿಲ್ಲ, ಎಲೆ ಮಾತ್ರ. ಅವನು ಬೋರ್ಡನ್ನೂ ಬುಟ್ಟಿಯನ್ನೂ ಎರಡು ಸಲ ನೋಡಿದ.

"ಎಲೆ ಯಾಕೆ? ಆಡಿಗಾ?"

ಆಡು ಸಾಕಿಲ್ಲ ಎಂದು ಹೇಳಿ ನನ್ನ ತುರುಬು ಮುಟ್ಟಿ ತೋರಿಸಿದೆ. ಅವನ ಮುಖ ತಿಳಿಯಾಯಿತು. ತನ್ನ ಊರಿನಲ್ಲಿ ತಾಯಿಯೂ ಎಂಥದೋ ಎಲೆ ಹಾಕುತ್ತಾಳೆಂದ. ಹಿಂದಿನ ಬೇಲಿಯನ್ನು ಹೇಗೂ ಸೋಮವಾರ ಕತ್ತರಿಸುವವರಿದ್ದಾರೆ, ಅಲ್ಲಿ ಬೇಕಾದಷ್ಟು ಕೀಳಬಹುದು ಎಂದು ದಾರಿ ತೋರಿಸಿದ.

ಎಲೆ ಕಿವುಚಿದಾಗ ಬಂದ ಹಸಿರು ಲೋಳೆಯನ್ನು ಸೋಸಿ ಜಡೆಗೆ ಹಚ್ಚಿ ಅರ್ಧ ಗಂಟೆ ಬಿಟ್ಟೆವು. ಆಮೇಲೆ ಬಾಚಣಿಗೆಯ ಬಾಲ ಹಾಕಿದರೆ ಪುಡಿ ಕರಗಿ ಕೆಳಗಿಳಿಯಿತು. ಎಳೆಗಳು ಒಂದರ ಮೇಲೊಂದು ಜಾರತೊಡಗಿದವು. ಹಲೀಮಾ ಲೋಳೆಯನ್ನು ಬೆರಳಿನಿಂದ ಎತ್ತಿ ನೋಡಿದಳು.

"ನಮ್ಮಲ್ಲಿ ಬೆಂಡೆಕಾಯಿಯಲ್ಲಿ ಇಂಥದ್ದೇ ಬರುತ್ತದೆ. ಆದರೆ ಅದನ್ನು ಸಾರಿಗೆ ಹಾಕುತ್ತೇವೆ, ತಲೆಗಲ್ಲ."

"ನಾವು ಎರಡಕ್ಕೂ ಹಾಕುತ್ತೇವೆ, ಲೋಳೆ ಅಂದರೆ ಬಿಡುವವರಲ್ಲ" ಎಂದಳು ವಸುಧಾ.

ಸಂಜೆ ಐದಕ್ಕೆ ಎರಡು ಜಡೆ ಬಿಚ್ಚಿದ್ದವು.

ಮಂಗಳವಾರ, ಎರಡು ಬೆರಳು

ಸೋಮವಾರ ಮಧ್ಯಾಹ್ನದವರೆಗೆ ನಾನೊಬ್ಬಳೇ ಬಿಡಿಸಿದೆ. ಮಂಗಳವಾರ ವಸುಧಾ ಅರ್ಧ ದಿನ ರಜೆ ಹಾಕಿದಳು. ಅನ್ವಿತಾ ಶಾಲೆಯಿಂದ ಬಂದ ಕೂಡಲೇ ಸಮವಸ್ತ್ರದಲ್ಲೇ ಕೂರುತ್ತಿದ್ದಳು. ಅವಳ ಬೆರಳು ನಮ್ಮಿಬ್ಬರದ್ದಕ್ಕಿಂತ ಸಪೂರ, ನಾವು ಬಿಟ್ಟ ಗಂಟುಗಳನ್ನು ಅವಳು ಬಿಡಿಸಿದಳು. ನಡುನಡುವೆ ಹಲೀಮಾ ಬೆನ್ನು ತಿರುಗಿಸಿಕೊಂಡೇ ಫ್ರೆಂಚ್ ಕ್ರಿಯಾಪದ ಕೇಳುತ್ತಿದ್ದಳು. ತಾನು ತಪ್ಪಿ ತಿದ್ದಿಸಿಕೊಂಡರೆ ಅನ್ವಿತಾ ಸಿಟ್ಟಿಗೆ ಅವಳ ಕೂದಲು ಎಳೆಯುತ್ತಿದ್ದಳು.

ಹತ್ತನೇ ಜಡೆ ಸಂಜೆ ನಾಲ್ಕೂವರೆಗೆ ಬಿಚ್ಚಿತು. ತುದಿಯಲ್ಲಿ ಮಾತ್ರ ಬಿಡಿಸಲಾಗದ ಗಂಟುಗಳು ಉಳಿದವು. ಯಾವ ಲೋಳೆಗೂ ಜಗ್ಗಲಿಲ್ಲ. ಕೆಲವೆಡೆ ಕೂದಲೇ ಮೆತ್ತಗಾಗಿ ಸೀಳಿತ್ತು. ವಸುಧಾ ಕೊನೆಗೆ ಕತ್ತರಿ ಕೈಗೆತ್ತಿಕೊಂಡಳು.

"ಹಲೀಮಾ, ಎರಡು ಬೆರಳಿನಷ್ಟು. ಅದಕ್ಕಿಂತ ಒಂದು ನೂಲು ಹೆಚ್ಚಿಲ್ಲ."

ಹಲೀಮಾ ಗೋಡೆಯ ಕಡೆ ತಿರುಗಿದಳು. "ಮಾಡಿ ಆಂಟೀ. ನನಗೆ ಹೇಳಬೇಡಿ, ಮಾಡಿ."

ವಸುಧಾ ಕತ್ತರಿಸಿದಳು. ಉಳಿದ ಕೂದಲನ್ನು ಅಳೆದು ನೋಡುವ ಎಂದು ನಾನು ಕೆಂಪು ದಾರಕ್ಕೆ ಕೈ ಚಾಚಿದೆ. ಹಲೀಮಾ ದಾರ ಎತ್ತಿ ಚೀಲಕ್ಕೆ ಹಾಕಿಕೊಂಡಳು.

"ಅಳೆಯುವುದು ಅಜ್ಜಿಯ ಕೆಲಸ."

ಬುಧವಾರ, ನನ್ನ ಕೈ

ಬಿಚ್ಚಿದ ಕೂದಲಿಗೆ ಬೇಗ ಹೊಸದಾಗಿ ಚೆಬೆ ಹಚ್ಚಿ ಹೆಣೆಯಬೇಕಿತ್ತು. ಪ್ರಯಾಣ ಉದ್ದದ್ದು, ಎರಡು ವಿಮಾನ ಬದಲಿಸಬೇಕು. ಹಾಗೇ ಬಿಟ್ಟರೆ ಅಷ್ಟು ದಿನ ನೆನೆದು ಸೋತ ಕೂದಲು ತುಂಡಾಗುತ್ತದೆ ಎಂದಳು ಹಲೀಮಾ. ಅವಳ ಹತ್ತಿರ ಉಳಿದದ್ದು ಅಜ್ಜಿ ಕಳಿಸಿದ್ದ ಪುಡಿಯ ಒಂದು ಡಬ್ಬಿ. ಅರ್ಧ ಪುಡಿಯನ್ನು ಎಣ್ಣೆಯಲ್ಲಿ ಕಲಸಿದಳು. ಮುಂದಿನ ಭಾಗ ತಾನೇ ಹಚ್ಚಿಕೊಳ್ಳುತ್ತೇನೆ, ಹಿಂದಿನದನ್ನು ನೀವು ಹಚ್ಚಿ ಎಂದು ಬಟ್ಟಲನ್ನು ನನ್ನ ಕಡೆ ದೂಡಿದಳು. ಅಷ್ಟರಲ್ಲಿ ಕಾಲೇಜಿನಿಂದ ಫೋನ್ ಬಂತು. ಅವಳು ಮಾತಾಡುತ್ತ ಕೂತಳು.

ನಾನು ಸೀರೆ ಸೆರಗು ಸಿಕ್ಕಿಸಿಕೊಂಡೆ. ಅಂಗೈ ತುಂಬ ತೆಗೆದುಕೊಂಡು ನೆತ್ತಿಯ ಮೇಲೆ ಸುರಿದು, ನಮ್ಮ ಊರಿನ ಎಲ್ಲ ತಾಯಂದಿರಂತೆ ತಟ್ಟತೊಡಗಿದೆ. ತಟ್ಟಿ, ಉಜ್ಜಿ, ಬುಡಕ್ಕೆ ಇಳಿಸಿದೆ. ಇನ್ನೊಂದು ಹಿಡಿ ಹಾಕಿದೆ. ದೀಪಾವಳಿಯ ಎಣ್ಣೆಸ್ನಾನದ ಕೈ ಅದು, ಅದಕ್ಕೆ ಬೇರೆ ದಾರಿ ಗೊತ್ತಿಲ್ಲ.

ಹಲೀಮಾ ಫೋನ್ ಕೆಳಗಿಟ್ಟು ಕೂಗಿದಳು. "ಆಂಟೀ! ನೆತ್ತಿಗೆ ಅಲ್ಲ!"

ಚೆಬೆಯನ್ನು ನೆತ್ತಿಗೆ ಹಚ್ಚುವುದಿಲ್ಲ. ಬುಡ ಬಿಟ್ಟು, ಕೂದಲಿನ ಉದ್ದಕ್ಕೆ ಮಾತ್ರ ಹಚ್ಚುತ್ತಾರೆ. ನೆತ್ತಿಗೆ ತಾಗಿದರೆ ತುರಿಕೆ. ಐದೇ ನಿಮಿಷದಲ್ಲಿ ಅವಳು ತಲೆ ಕೆರೆದುಕೊಳ್ಳತೊಡಗಿದಳು. ನಾನು ಮೂವತ್ತು ವರ್ಷ ವರದಿಗಾರರ ಪ್ರತಿ ಕೈಗೆ ತೆಗೆದುಕೊಂಡು ಯಾರು, ಏನು, ಯಾವಾಗ, ಎಲ್ಲಿ, ಯಾಕೆ ಎಂದು ಕೇಳಿದವಳು. ಈ ಪುಡಿಯ ಬಗ್ಗೆ ನಾಲ್ಕು ಪುಟ ಬರೆದುಕೊಂಡಿದ್ದೆ. ಎಲ್ಲಿಗೆ ಹಚ್ಚುವುದು ಎಂದು ಕೇಳಿರಲಿಲ್ಲ.

ಇಡೀ ತಲೆಯನ್ನು ಮತ್ತೆ ದಾಸವಾಳದ ಲೋಳೆಯಲ್ಲಿ ತೊಳೆಯಬೇಕಾಯಿತು. ಕಲಸಿದ ಚೆಬೆ ಪೂರ್ತಿ ನೀರಿನೊಂದಿಗೆ ಹೋಯಿತು. ಡಬ್ಬಿಯಲ್ಲಿ ಅರ್ಧ ಉಳಿಯಿತು.

ವಸುಧಾ ಸಂಜೆ ಬಂದು ಕೇಳಿಸಿಕೊಂಡಳು. "ನಿನ್ನ ಕೈಗೆ ತಲೆ ಕೊಟ್ಟರೆ ಹೀಗೇ. ನನಗೆ ಏಳನೇ ಕ್ಲಾಸಿನಲ್ಲೇ ಗೊತ್ತಿತ್ತು" ಎಂದಳು. ಹಲೀಮಾ ಮೊದಲ ಬಾರಿಗೆ ಜೋರಾಗಿ ನಕ್ಕಳು. ಕೆರೆದುಕೊಳ್ಳುತ್ತಲೇ ನಕ್ಕಳು.

ಗುರುವಾರ, ಬ್ರಿಕ್‌ಫೀಲ್ಡ್ಸ್

ತಪ್ಪು ನನ್ನದಾದ್ದರಿಂದ ಮರುದಿನ ರೈಲಿನಲ್ಲಿ ಹಲೀಮಾಳನ್ನು ಭಾರತೀಯರ ಅಂಗಡಿಬೀದಿಯಾದ ಬ್ರಿಕ್‌ಫೀಲ್ಡ್ಸ್‌ಗೆ ಕರೆದುಕೊಂಡು ಹೋದೆ. ರೈಲಿನಲ್ಲಿ ಹೆಂಗಸರಿಗೇ ಮೀಸಲಾದ ಬೋಗಿ ಇತ್ತು. ಗಂಡಸೊಬ್ಬ ತಿಳಿಯದೆ ಹತ್ತಿದಾಗ ಯಾರೂ ಬೈಯಲಿಲ್ಲ, ಎಲ್ಲರೂ ಅವನನ್ನೇ ನೋಡಿದರು. ಮುಂದಿನ ನಿಲ್ದಾಣದಲ್ಲಿ ಅವನು ಇಳಿದು ಬೋಗಿ ಬದಲಿಸಿದ.

ಬ್ರಿಕ್‌ಫೀಲ್ಡ್ಸ್‌ನಲ್ಲಿ ಮಲ್ಲಿಗೆ ಮಾಲೆಯ ಸಾಲು ದಾಟಿದರೆ ಕಿರಾಣಿ ಅಂಗಡಿಗಳು. ಒಂದರಲ್ಲಿ ಕನ್ನಡಕ ಹಣೆಗೇರಿಸಿಕೊಂಡ ತಮಿಳು ಹೆಂಗಸು ಕೂತಿದ್ದರು. ಸರಸ್ವತಿ ಅಕ್ಕ ಎಂದು ಬಂದವರೆಲ್ಲ ಕರೆಯುತ್ತಿದ್ದರು. ಹಲೀಮಾ ಡಬ್ಬಿ ತೆರೆದು ತೋರಿಸಿದಳು. ಅವರು ಮೂಸಿ ನೋಡಿದರು.

"ಲವಂಗ ಇದೆ. ಗೋಂದು ಇದೆ. ಇನ್ನೊಂದು ಎರಡು ಇದೆ, ಅದು ನನ್ನ ಅಂಗಡಿಯಲ್ಲಿ ಇಲ್ಲ. ಏನಮ್ಮಾ ಇದು?"

"ತಲೆಕೂದಲಿಗೆ" ಎಂದೆ. "ಆದರೆ ತಲೆಗೆ ಹಚ್ಚಬಾರದು."

"ತಲೆಗೆ ಹಚ್ಚದ ತಲೆಕೂದಲಿನ ಮದ್ದಾ? ಒಳ್ಳೆ ಕಥೆ ಲಾ!" ಎಂದು ಇಲ್ಲಿನವರಂತೆ ಬಾಲಕ್ಕೊಂದು ಲಾ ಸೇರಿಸಿ, ಸೀಗೆ, ಮೆಂತ್ಯ, ಕರಿಬೇವಿನ ಪುಡಿ ಒಂದೊಂದಾಗಿ ಮುಂದಿಟ್ಟರು. "ಇದನ್ನು ಹಾಕು ತಾಯಿ, ನನ್ನ ಮಗಳ ಕೂದಲು ನೋಡು ಬೇಕಾದರೆ." ಮಗಳು ಹಿಂದಿನಿಂದ ಇಣುಕಿದಳು. ಅವಳದ್ದು ಬಾಬ್ ಕಟ್. ಸರಸ್ವತಿ ಅಕ್ಕ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು. "ಮೊದಲು ಇತ್ತು" ಎಂದರು.

ಕೊರತೆ ತುಂಬಲು ಲವಂಗವನ್ನೂ ಗೋಂದನ್ನೂ ಪುಡಿಮಾಡಿ ಸೇರಿಸೋಣ ಎಂದು ನಾನು ಹೇಳಿದೆ. ಹಲೀಮಾ ಒಪ್ಪಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕೂತು ಕೂದಲಿನ ಒಂದು ಎಳೆಯನ್ನು ಸ್ಕಾರ್ಫಿನ ಅಂಚಿನಿಂದ ಎಳೆದು ತೋರಿಸಿದಳು.

"ಬುಡದ ಕೂದಲು ಈ ವರ್ಷದ್ದು ಆಂಟೀ, ಗಟ್ಟಿ ಇದೆ. ತುದಿಯದ್ದು ನಾನು ಊರಿನಲ್ಲಿದ್ದಾಗ ಹುಟ್ಟಿದ್ದು. ಇರುವಷ್ಟನ್ನು ಹಳೆಯದಕ್ಕೆ ಹಚ್ಚೋಣ. ಬುಡಕ್ಕೆ ಎಳ್ಳೆಣ್ಣೆ ಸಾಕು."

ಎಳ್ಳೆಣ್ಣೆ ಅವಳ ಊರಿನಲ್ಲೂ ಬಳಸುತ್ತಾರೆ. ಸರಸ್ವತಿ ಅಕ್ಕನ ಹತ್ತಿರ ಅದು ಇತ್ತು. ಒಣಗಿಸುವುದು ಹೇಗೆ ಎಂಬ ಪ್ರಶ್ನೆ ಉಳಿಯಿತು. ಕೌಂಟರಿನ ಮೇಲೆ ಸಾಂಬ್ರಾಣಿಯ ಪೊಟ್ಟಣಗಳನ್ನು ನೋಡಿದಾಗ ನನಗೆ ಉತ್ತರ ಹೊಳೆಯಿತು. ಆಟಿ ಎಂಬ ಆಷಾಢ ಮಾಸದ ಮಳೆಯಲ್ಲಿ ನಮ್ಮ ಮನೆಯಲ್ಲಿ ಬಾಣಂತಿಯರ ತಲೆಗೂದಲನ್ನು ಧೂಪದ ಹೊಗೆಯ ಮೇಲೆ ಹರವಿ ಒಣಗಿಸುತ್ತಿದ್ದರು. ಹಲೀಮಾಳಿಗೆ ವಿವರಿಸಿದೆ. ಅವಳು ಪೊಟ್ಟಣ ಮೂಸಿ, ಕಣ್ಣು ಮುಚ್ಚಿ, ಇದು ನಮ್ಮ ಮನೆಯ ವಾಸನೆ ಎಂದಳು.

ಶುಕ್ರವಾರ, ಹೊಗೆ

ಈ ಸಲ ನಾನು ಹಚ್ಚಲಿಲ್ಲ. ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಹಲೀಮಾ ಅನ್ವಿತಾಳಿಗೆ ಹೇಳಿಕೊಟ್ಟಳು. ಕೂದಲನ್ನು ಹತ್ತು ಪಾಲು ಮಾಡಿ, ಒಂದೊಂದು ಪಾಲಿಗೂ ಬುಡದಿಂದ ಒಂದು ಗೇಣು ಬಿಟ್ಟು, ಕೆಳಗೆ ತೆಳ್ಳಗೆ ಚೆಬೆ ಹಚ್ಚಿ, ನೆನೆಯಿಸದೆ ಹೆಣೆಯಬೇಕು. ಅನ್ವಿತಾಳ ಮೊದಲ ಜಡೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹೆಣೆದಳು. ನನ್ನ ಕೆಲಸ ಕೆಳಗೆ ಕೂತು ಧೂಪ ನೋಡಿಕೊಳ್ಳುವುದು. ಇದ್ದಿಲಿಗೆ ಸಾಂಬ್ರಾಣಿ ಹಾಕಿದೆ. ನಮ್ಮ ಮನೆಯ ಲೆಕ್ಕದಲ್ಲಿ ಹಾಕಿದೆ. ಅಲ್ಲಿ ಹೆಂಚಿನ ಮಾಡಿನ ಸಂದಿಯಿಂದ ಹೊಗೆ ಹೋಗುತ್ತದೆ. ಇಲ್ಲಿ ಅದು ಯಾರ್ಡಿನ ಜಾಲರಿಯಿಂದ ಹೊರಬಿದ್ದು ಒಂಬತ್ತನೇ ಮಹಡಿಯವರ ಒಣಹಾಕಿದ ಬಟ್ಟೆಗೆ ಹೋಯಿತು.

ಹತ್ತು ನಿಮಿಷದಲ್ಲಿ ಬೆಲ್ ಆಯಿತು. ಸುಧೀರ ಬಾಗಿಲು ತೆರೆದ. ಅದೇ ಗಾರ್ಡ್, ಕೈಯಲ್ಲಿ ಕೆಂಪು ಸಿಲಿಂಡರ್. ಹಲೀಮಾ ಸ್ಕಾರ್ಫ್ ಹುಡುಕಿದಳು, ಸಿಗಲಿಲ್ಲ. ವಸುಧಾ ತನ್ನ ಸೆರಗನ್ನೇ ಅವಳ ತಲೆಯ ಮೇಲೆ ಹಾಕಿದಳು. ಇಬ್ಬರೂ ಒಂದೇ ಸೀರೆಯಲ್ಲಿ ವಾಷಿಂಗ್ ಮಷಿನ್ನಿನ ಹಿಂದೆ ಕೂತರು.

"ಬೆಂಕಿ ಎಲ್ಲಿ ಸರ್?"

"ಬೆಂಕಿ ಅಲ್ಲ. ಕೂದಲು ಒಣಗಿಸುತ್ತಿದ್ದಾರೆ" ಎಂದ ಸುಧೀರ.

ಗಾರ್ಡ್ ಒಳಗೆ ಕತ್ತು ಹಾಕಿ ನನ್ನನ್ನು ಗುರುತಿಸಿದ. "ಎಲೆ ಆಂಟೀ!" ಎಂದ. ಮೇಲಿನವರಿಗೆ ತಾನು ಹೇಳುತ್ತೇನೆ, ಕಿಟಕಿ ಮುಚ್ಚಿಕೊಳ್ಳಲಿ, ಎಂದು ಹೋದ. ಅರ್ಧ ಗಂಟೆಯ ನಂತರ ಒಂಬತ್ತನೇ ಮಹಡಿಯ ಚೀನಿ ಅಜ್ಜಿಯೇ ಇಳಿದು ಬಂದರು. ಬೈಯಲು ಬಂದರೆಂದು ನಾವು ಕ್ಷಮೆ ಕೇಳಲು ಸಿದ್ಧವಾದೆವು. ಅವರು ಕೇಳಿದ್ದು ಆ ಧೂಪ ಎಲ್ಲಿ ಸಿಗುತ್ತದೆ ಎಂದು. ವಸುಧಾ ಉಳಿದ ಪೊಟ್ಟಣ ಕೊಟ್ಟಳು.

ಹತ್ತನೇ ಜಡೆಯ ತುದಿಗೆ ಬರುವಷ್ಟರಲ್ಲಿ ಬಟ್ಟಲಿನಲ್ಲಿ ಒಂದು ಬೆರಳಿಗೆ ಅಂಟುವಷ್ಟು ಚೆಬೆ ಉಳಿದಿತ್ತು. ಅನ್ವಿತಾ ಅದನ್ನೂ ಒರೆಸಿ ಹಚ್ಚಿದಳು.

ಭಾನುವಾರ, ವಿಮಾನ ನಿಲ್ದಾಣ

ಸುಧೀರ ಕಾರು ತೆಗೆದ. ಹಲೀಮಾಳ ಎರಡು ಪೆಟ್ಟಿಗೆಗಳಲ್ಲಿ ಒಂದರ ತುಂಬ ಪುಸ್ತಕ. ಸರದಿಯಲ್ಲಿ ನಿಂತಾಗ ವಸುಧಾ ಅವಳ ಕೈಗೆ ಒಣಗಿಸಿದ ದಾಸವಾಳದ ಎಲೆಯ ಪೊಟ್ಟಣ ಇಟ್ಟಳು. "ಅಜ್ಜಿಗೆ ಕೊಡು. ಸಾರಿಗೆ ಅಲ್ಲ ಅಂತ ಹೇಳು."

"ಅವರು ಮೊದಲು ಸಾರಿಗೇ ಹಾಕುತ್ತಾರೆ ಆಂಟೀ."

ಅನ್ವಿತಾ ಅವಳನ್ನು ತಬ್ಬಿಕೊಂಡು ಏನೋ ಹೇಳಿದಳು. ಫ್ರೆಂಚಿನಲ್ಲಿ ಹೇಳಿದಳು. ಹಲೀಮಾ ಒಂದು ಕ್ರಿಯಾಪದ ತಿದ್ದಿದಳು. ಆಮೇಲೆ ಒಳಗೆ ಹೋದಳು. ತಿರುಗಿ ನೋಡುವಾಗ ಸ್ಕಾರ್ಫಿನ ಕೆಳಗೆ ಜಡೆಗಳ ಉಬ್ಬು ಕಾಣುತ್ತಿತ್ತು.

ಉಡುಪಿ

ನಾನು ಊರಿಗೆ ಮರಳಿದ್ದು ಆಗಸ್ಟ್ ಕೊನೆಯಲ್ಲಿ. ಸೆಪ್ಟೆಂಬರ್ ಮೊದಲ ವಾರ ಅನ್ವಿತಾ, ಹಲೀಮಾ ತನ್ನ ಊರು ತಲುಪಿದ ದಿನ ತೆಗೆದ ಒಂದು ವೀಡಿಯೊ ಕಳಿಸಿದಳು. ಕೆಳಗೆ ಕನ್ನಡದಲ್ಲಿ, ಇಂಗ್ಲಿಷ್ ಅಕ್ಷರ ಬಳಸಿ, ದೊಡ್ಡಮ್ಮ ನೋಡು ಎಂದು ಬರೆದಿದ್ದಳು. ಹಲೀಮಾ ಚಾಪೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದಾಳೆ. ಅಜ್ಜಿಯ ಮುಖ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಕೈ ಜಡೆಗಳನ್ನು ಒಂದೊಂದಾಗಿ ಎತ್ತಿ ತೂಗಿ ನೋಡುತ್ತದೆ. ಒಂದರ ಹತ್ತಿರ ನಿಲ್ಲುತ್ತದೆ, ಅಜ್ಜಿ ಏನೋ ಕೇಳುತ್ತಾರೆ. ಅದು ಅನ್ವಿತಾ ಹೆಣೆದ ಮೊದಲ ಜಡೆ ಎಂದು ಹಲೀಮಾ ಆಮೇಲೆ ಬರೆದು ತಿಳಿಸಿದಳು.

ಅಜ್ಜಿ ಕೆಂಪು ದಾರವನ್ನು ನೆತ್ತಿಗೆ ಹಿಡಿದು ಕೆಳಗೆ ಬಿಟ್ಟರು. ಜಡೆ ದಾರಕ್ಕಿಂತ ಎರಡು ಬೆರಳು ಗಿಡ್ಡ ಇತ್ತು. ಅವರು ಕತ್ತರಿ ಕೇಳಿ ತರಿಸಿಕೊಂಡು, ಜಡೆ ಮುಗಿದಲ್ಲಿಗೆ ದಾರವನ್ನು ಕತ್ತರಿಸಿದರು.